ಬೇಳೆ ಬೇಯುವ ನೀರು

ಜಯನಗರದ ಆ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ಯಜಮಾನರೊಬ್ಬರು ಕಾಗದದ ಪೊಟ್ಟಣ ಬಿಚ್ಚಿ ಮಸಾಲೆ ವಡೆ ತಿನ್ನತೊಡಗಿದರು. ಹೊಟ್ಟೆಯ ಡಾಕ್ಟರ ಬಾಗಿಲಲ್ಲಿ ಕೂತು ಮಸಾಲೆ ವಡೆ! ಅವರಿಗೇನೂ ಆಗಿರಲಿಲ್ಲ, ಹೆಂಡತಿಯನ್ನು ತೋರಿಸಲು ಬಂದಿದ್ದರು. ನಾನು ನೋಡುತ್ತಿದ್ದದ್ದು ಗೊತ್ತಾಗಿ ಪೊಟ್ಟಣ ನನ್ನ ಕಡೆ ಚಾಚಿದರು.

"ತಗೊಳಿ ಮೇಡಂ, ಬಿಸಿ ಇದೆ."

"ಬೇಡ ಸಾರ್, ನನಗೆ ಹೊಟ್ಟೆ ಸರಿಯಿಲ್ಲ."

"ಅಯ್ಯೋ, ಒಂದು ವಡೆ ಏನ್ ಮಾಡತ್ತೆ?"

ಆ ಪೊಟ್ಟಣವನ್ನು ಕಿತ್ತು ಕಸದ ಬುಟ್ಟಿಗೆ ಎಸೆಯಬೇಕು ಅನ್ನಿಸುವಷ್ಟು ಹೊಟ್ಟೆಕಿಚ್ಚಾಯಿತು. ನಾನಾಗ ಗಂಜಿ, ನೀರು ಮಜ್ಜಿಗೆ, ಮೆತ್ತಗೆ ಬೇಯಿಸಿದ ಅನ್ನದಲ್ಲಿ ದಿನ ತಳ್ಳುತ್ತಿದ್ದೆ. ಅವರು ಹಸಿಮೆಣಸಿನಕಾಯಿ ಸಿಕ್ಕಾಗ ಕಣ್ಣು ಮುಚ್ಚಿ ಸುಖಪಟ್ಟದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ.

ಕಾಯಿಲೆಯ ಬಗ್ಗೆ ಬರೆಯುವವರು ಧೈರ್ಯದ ಬಗ್ಗೆ ಬರೆಯುತ್ತಾರೆ, ದೇವರ ಬಗ್ಗೆ ಬರೆಯುತ್ತಾರೆ. ನನ್ನಲ್ಲಿ ಹೇಳಿಕೊಳ್ಳುವಂಥ ಧೈರ್ಯವೇನೂ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ನೆಟ್ಟಗೆ ಉಂಡು ನೆಟ್ಟಗೆ ಅರಗಿಸಿಕೊಳ್ಳುವ ಊರಿನವರೆಲ್ಲರ ಮೇಲೂ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಒಡಹುಟ್ಟಿದ ಅಕ್ಕ ಕುಸುಮಳ ಮೇಲೆ. ಇಂಥ ಕಾಯಿಲೆಯಲ್ಲಿ ಮಲಗಿ "ನನಗೊಬ್ಬಳಿಗೇ ಇಂಥ ಕೆಟ್ಟ ಮನಸ್ಸಾ" ಅಂತ ಯಾರಾದರೂ ಕೊರಗುತ್ತಿದ್ದರೆ, ಅವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಜೆ.ಪಿ. ನಗರದ ಏಳನೇ ಹಂತದಾಚೆ ಮನೆ ಕಟ್ಟಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಆಗ ಅಲ್ಲಿ ಖಾಲಿ ಸೈಟು, ಅವುಗಳ ತುಂಬ ಲಂಟಾನ. ಬಸ್ಸು ಇಳಿದು ಸೀರೆ ಎತ್ತಿ ಹಿಡಿದು ಮಣ್ಣು ರಸ್ತೆಯಲ್ಲಿ ನಡೆಯಬೇಕು. ಅಕ್ಕನ ಮನೆ ಮಾತ್ರ ಜಯನಗರದಲ್ಲಿ. ರಸ್ತೆಯ ಎರಡೂ ಬದಿಗೆ ಮರ, ಹತ್ತಿರದಲ್ಲೇ ಮಾರ್ಕೆಟ್ಟು, ನಲ್ಲಿ ತಿರುಗಿಸಿದರೆ ಕಾವೇರಿ. ಚಿಕ್ಕಂದಿನಿಂದಲೂ ಹೀಗೇ. ಉದ್ದ ಜಡೆ ಅವಳಿಗೆ, ಒಳ್ಳೆಯ ಕಂಠ ಅವಳಿಗೆ, ಹಬ್ಬಕ್ಕೆ ಮೊದಲು ಸೀರೆ ಆರಿಸುವ ಹಕ್ಕೂ ದೊಡ್ಡವಳು ಅಂತ ಅವಳಿಗೇ. ಅವಳಿಗೆ ಜಯನಗರ, ನನಗೆ ಜಾಲಿಮುಳ್ಳು ಅಂತ ನಮ್ಮ ಯಜಮಾನರ ಮುಂದೆ ಎಷ್ಟು ಸಲ ಗೊಣಗಿದ್ದೇನೋ.

ನಮಗೆ ಕಾವೇರಿ ಬಂದಿರಲಿಲ್ಲ, ಬೋರ್‌ವೆಲ್ಲೇ ಗತಿ. ಲಾರಿ ಬಂದು ಕೊರೆಯತೊಡಗಿದ ದಿನ ಅತ್ತೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, "ತಾಯಿ ಗಂಗಮ್ಮ, ಬಾರಮ್ಮ" ಅಂತ ಕೈ ಮುಗಿದು ನಿಂತಿದ್ದರು. ನೀರು ಚಿಮ್ಮಿ ನಮ್ಮನ್ನೆಲ್ಲ ಕೆಸರಿನಲ್ಲಿ ತೋಯಿಸಿತು. ನಾಲ್ಕು ದಿನ ಬಿಟ್ಟು ನೀರು ತಿಳಿಯಾದ ಮೇಲೆ ಅತ್ತೆ ಅದರಲ್ಲಿ ತೊಗರಿಬೇಳೆ ಬೇಯಿಸಲು ಇಟ್ಟರು. ನೀರಿನ ಪರೀಕ್ಷೆ ಅಂದರೆ ನಮ್ಮವರಲ್ಲಿ ಬೇಳೆಯ ಪರೀಕ್ಷೆಯೇ. ಬೇಳೆ ಬೆಂದರೆ ಒಳ್ಳೆಯ ನೀರು, ಬೇಯದಿದ್ದರೆ ಕೆಟ್ಟ ನೀರು. ಬೇರೆ ಪರೀಕ್ಷೆ ಇರಬಹುದು ಅಂತ ಯಾರಿಗೂ ಹೊಳೆದೇ ಇಲ್ಲ. ಅಕ್ಕಪಕ್ಕದ ಬೋರ್‌ವೆಲ್ಲುಗಳ ಗಡಸು ನೀರಿನಲ್ಲಿ ಬೇಳೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ನಮ್ಮದರಲ್ಲಿ ಬೆಣ್ಣೆಯಾಯಿತು. ಸುದ್ದಿ ಹರಡಿ, ಬೀದಿಯ ಹೆಂಗಸರು ಕೊಡ ಹಿಡಿದು ನಮ್ಮ ಗೇಟಿಗೆ ಬರತೊಡಗಿದರು.

ಗೃಹಪ್ರವೇಶವಾದ ಮೇಲಿನ ಮೊದಲ ಭಾನುವಾರ ಅಕ್ಕ ಊಟಕ್ಕೆ ಬಂದಳು. ಸಾರು ಕಲಸಿದ ತುತ್ತು ಬಾಯಿಗಿಟ್ಟು ತಲೆ ಎತ್ತಿದಳು.

"ಏನೇ ವಿಮ್ಲಿ, ಬೇಳೆ ಹಿಂಗೆ ಬೆಂದಿದೆ? ನಮ್ಮನೇಲಿ ಹಿಂಗೆ ಬೇಯಲ್ಲಪ್ಪ!"

ನಾನು ಅವತ್ತೇ ಎರಡು ಕ್ಯಾನು ತುಂಬಿಸಿ ಅವಳ ಆಟೋದಲ್ಲಿ ಇಡಿಸಿದೆ. ಅಲ್ಲಿಂದ ಪ್ರತಿ ಭಾನುವಾರವೂ ನಮ್ಮ ಯಜಮಾನರ ಸ್ಕೂಟರಿನಲ್ಲಿ ಕ್ಯಾನು ಜಯನಗರಕ್ಕೆ ಹೋಯಿತು. ಜಯನಗರದವಳಿಗೆ, ಕಾವೇರಿ ಕುಡಿಯುವವಳಿಗೆ, ನಾನು ನೀರು ಕಳಿಸುತ್ತಿದ್ದೆ! ಅವಳಲ್ಲಿ ಇಲ್ಲದ್ದು ನನ್ನ ಹತ್ತಿರ ಇತ್ತು ಅನ್ನುವುದು ಜೀವನದಲ್ಲಿ ಅದೇ ಮೊದಲು. ಆ ಕ್ಯಾನು ತುಂಬಿಸುವಾಗ ನಾನು ಹಾಡು ಗುನುಗುತ್ತಿದ್ದೆ ಅಂತ ಅತ್ತೆ ಆಮೇಲೆ ಹೇಳಿದರು.

ನಮ್ಮ ಬೀದಿಯ ಏರಿನ ಮೇಲೆ ತಗಡು ಹೊದಿಸಿದ ಒಂದು ಶೆಡ್ಡು ಇತ್ತು. ನಲ್ಲಿ, ಚಿಲಕ, ಗಾಡಿಯ ಬಿಡಿಭಾಗಗಳಿಗೆ ಅಲ್ಲಿ ಹೊಳಪು ಲೇಪಿಸುತ್ತಿದ್ದರು. ಅದರ ಹಿಂದಿನ ಗುಂಡಿಯಲ್ಲಿ ಹಳದಿ ಬಣ್ಣದ ನೀರು ನಿಂತಿರುತ್ತಿತ್ತು. ಯಾವ ಮಳೆಗಾಲದಲ್ಲೂ ಅದು ತುಂಬಿ ಹರಿದದ್ದನ್ನು ನಾನು ನೋಡಲಿಲ್ಲ. ಆ ನೀರೆಲ್ಲ ಎಲ್ಲಿಗೆ ಇಂಗುತ್ತದೆ ಅಂತ ನಾವು ಯಾರೂ ಕೇಳಲಿಲ್ಲ. ನಮ್ಮ ಬಚ್ಚಲಿನ ನಲ್ಲಿಗಳಿಗೂ ಅಲ್ಲೇ ಹೊಳಪು ಹಾಕಿಸಿದ್ದೆವು.

ಕಾಯಿಲೆ ಶುರುವಾದದ್ದು ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ. ಮೊದಲು ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡು ಯಾರಿಗೂ ಹೇಳದೆ ನುಂಗಿಕೊಂಡೆ. ಆಮೇಲೆ ನುಂಗಿಕೊಳ್ಳುವ ಹಾಗೂ ಇರಲಿಲ್ಲ. ನಾನು ಪ್ರೈಮರಿ ಶಾಲೆಯ ಮೇಷ್ಟರಮ್ಮ. ಮಗ್ಗಿ ಹೇಳಿಸುತ್ತಿರುವಾಗ ಹೊಟ್ಟೆ ಹಿಂಡಿ ಬರುತ್ತಿತ್ತು, ಬೋರ್ಡಿಗೆ ಒರಗಿ ಬೆವರುತ್ತಿದ್ದೆ. ಮಕ್ಕಳು ಎರಡು ಬೆರಳು ಎತ್ತಿ "ಮಿಸ್" ಅಂದರೆ ಸಾಕು, ಎದ್ದು ಓಡುತ್ತಿದ್ದರು. ಆ ಎರಡು ಬೆರಳಿನ ಮೇಲೆ ನನಗಿದ್ದ ಅಸೂಯೆಯನ್ನು ಹೇಗೆ ಹೇಳಲಿ? ನಾನು ಯಾರಿಗೆ ಬೆರಳು ಎತ್ತಬೇಕಿತ್ತು? ಒಂದು ದಿನ ಪಾಠದ ಮಧ್ಯೆ ತಡೆಯಲಾಗದೆ, ಒದ್ದೆ ಸೀರೆಯ ಮೇಲೆ ಸ್ವೆಟರ್ ಕಟ್ಟಿಕೊಂಡು ಮನೆಗೆ ಬಂದೆ. ಅವತ್ತೇ ನಮ್ಮ ಯಜಮಾನರಿಗೆ ಹೇಳಿದ್ದು.

ಕೊಳವೆ ಹಾಕಿ ನೋಡಿದ ಡಾಕ್ಟರು, ದೊಡ್ಡ ಕರುಳಿನ ಒಳಗೆಲ್ಲ ಹುಣ್ಣು ಅಂದರು.

"ಯಾಕೆ ಬಂತು ಡಾಕ್ಟ್ರೇ?"

"ಗೊತ್ತಿಲ್ಲಮ್ಮ. ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮಾತ್ರೆ ಕೊಡ್ತೀನಿ. ಮಾತ್ರೆಗೆ ಬಗ್ಗಲಿಲ್ಲ ಅಂದ್ರೆ ಆಪರೇಷನ್ ಬಗ್ಗೆ ಯೋಚ್ನೆ ಮಾಡೋಣ."

"ಆಪರೇಷನ್ ಅಂದ್ರೆ?"

"ದೊಡ್ಡ ಕರುಳು ತೆಗೀತಾರೆ. ಮಲ ಸೇರೋಕೆ ಹೊಟ್ಟೆ ಪಕ್ಕದಲ್ಲಿ ಒಂದು ಚೀಲ ಇಡ್ತಾರೆ."

ಇಷ್ಟು ಹೇಳಿ ಅವರು ಪೆನ್ನಿನ ಮುಚ್ಚಳ ಹಾಕಿದರು. ಚೀಲ ಕಟ್ಟಿಕೊಂಡು ನಾನು ಮಕ್ಕಳ ಮುಂದೆ ನಿಲ್ಲುವುದು ಹೇಗೆ, ಮದುವೆಮನೆಯಲ್ಲಿ ಪಂಕ್ತಿಯಲ್ಲಿ ಕೂರುವುದು ಹೇಗೆ? ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದೆ.

ಮಾತ್ರೆಗೆ ಮುಖ ಊದಿ ಹುಣ್ಣಿಮೆ ಚಂದ್ರನಾಯಿತು. "ಮೈಕೈ ತುಂಬ್ಕೊಂಡು ಚೆನ್ನಾಗಿದೀರ ಆಂಟಿ" ಅಂತ ಎದುರುಮನೆಯ ಹುಡುಗಿ ಹೇಳಿದಾಗ ಅವಳ ಕೆನ್ನೆಗೊಂದು ಬಿಗಿಯಬೇಕು ಅನ್ನಿಸಿತು. ನಮ್ಮ ಯಜಮಾನರು ಅದೇ ಮನೆಯಲ್ಲಿ ಅದೇ ನೀರು ಕುಡಿದು, ಮೆಣಸಿನಕಾಯಿ ಬಜ್ಜಿ ತಿಂದು, ಹೊಟ್ಟೆ ಸವರಿಕೊಂಡು ಮಲಗುತ್ತಿದ್ದರು. ಎಪ್ಪತ್ತು ದಾಟಿದ ಅತ್ತೆ ಕಲ್ಲು ತಿಂದು ಕರಗಿಸಿಕೊಳ್ಳುವ ಹೆಂಗಸು. ಅವರು ತೇಗಿದರೂ ನನಗೆ ಮೈ ಉರಿಯುತ್ತಿತ್ತು.

ಆದರೆ ನನ್ನನ್ನು ನೋಡಿಕೊಂಡದ್ದು ಅದೇ ಅತ್ತೆ. ಹೊಟ್ಟೆ ಕೆಟ್ಟಿದೆ ಅಂದರೆ ಬೆಂಗಳೂರಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ನೀರು ಚೆನ್ನಾಗಿ ಕುದಿಸಿ ಕುಡೀರಿ. ಮನೆಯವರಿಗೆ ಒಂದು ಕುದಿ ಬಂದ ನೀರಾದರೆ, ನನಗೆ ಮಾತ್ರ ಅತ್ತೆ ಬೇರೆ ಪಾತ್ರೆ ಇಟ್ಟು, ಜೀರಿಗೆ ಹಾಕಿ, ಕಷಾಯದ ಹಾಗೆ ಅರ್ಧಕ್ಕೆ ಇಳಿಯುವವರೆಗೂ ಕುದಿಸುತ್ತಿದ್ದರು. ಒಲೆಯ ಮುಂದೆ ಸ್ಟೂಲು ಹಾಕಿ ಕೂತು ಕಾಯುತ್ತಿದ್ದರು. "ಇಷ್ಟು ಕುದಿಸಿದ್ಮೇಲೆ ಯಾವ ಕ್ರಿಮಿ ಉಳಿಯತ್ತೆ ಹೇಳು? ಕುಡಿ ತಾಯಿ" ಅಂತ ಲೋಟ ಕೈಗೆ ಕೊಡುತ್ತಿದ್ದರು. ನಾನು ಶ್ರದ್ಧೆಯಿಂದ ಕುಡಿದೆ. ರಕ್ತ ನಿಲ್ಲಲಿಲ್ಲ. ಆಪರೇಷನ್ನಿನ ಮಾತು ಮತ್ತೆ ಬಂತು.

ಕ್ಲಿನಿಕ್ಕಿಗೆ ನನ್ನ ಜೊತೆ ಬರುತ್ತಿದ್ದವಳು ಅಕ್ಕ. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಯಾವ ಹೋಟೆಲಿನ ಬಾತ್‌ರೂಮಿಗೆ ಒಳಗಿನ ಚಿಲಕ ಸರಿಯಾಗಿದೆ, ಯಾವ ಅಂಗಡಿಯವನು ಕೇಳಿದರೆ ಬೀಗದ ಕೈ ಕೊಡುತ್ತಾನೆ ಅನ್ನುವುದೆಲ್ಲ ಅವಳಿಗೆ ನನ್ನಷ್ಟೇ ಗೊತ್ತಾಯಿತು. ನಾನು ಒಳಗಿದ್ದಾಗ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಸ್ವಲ್ಪ ತಡೀರಿ ಅಕ್ಕ, ನಮ್ಮ ತಂಗಿಗೆ ಹುಷಾರಿಲ್ಲ" ಅಂತ ಬಂದವರನ್ನೆಲ್ಲ ವಾಪಸ್ಸು ಕಳಿಸುತ್ತಿದ್ದಳು. ಆ ದನಿ ಬಾಗಿಲಾಚೆ ಕೇಳಿದಾಗ ಜೀವಕ್ಕೆ ಹಾಯೆನಿಸುತ್ತಿತ್ತು. ಹೊರಗೆ ಬಂದು ಅವಳ ಗುಂಡುಕಲ್ಲಿನಂಥ ಆರೋಗ್ಯ ನೋಡಿದರೆ ಆ ಹಾಯಿ ಅಲ್ಲೇ ಹೋಗುತ್ತಿತ್ತು. ಒಂದು ಸಲ ಹೋಟೆಲಿನಲ್ಲಿ ಅವಳು ನನ್ನ ಸಲುವಾಗಿ ಮಸಾಲೆ ದೋಸೆ ಬಿಟ್ಟು ಇಡ್ಲಿ ಹೇಳಿದಳು.

"ನೀನ್ಯಾಕೆ ಇಡ್ಲಿ ತಿಂತೀಯಾ? ನಿನಗೇನು ಬಂದಿರೋದು?" ಅಂತ ರೇಗಿದೆ.

ಅವಳು ಸುಮ್ಮನೆ ಸಪ್ಪೆ ಇಡ್ಲಿ ತಿಂದಳು. ಅದಕ್ಕೂ ನನಗೆ ಸಿಟ್ಟು. ಒಳ್ಳೆಯತನದಲ್ಲೂ ಅವಳೇ ಮುಂದೆ ಇರಬೇಕಾ?

ಇಷ್ಟಾದರೂ ಬರೀ ಅಸೂಯೆಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಚಿಕ್ಕಮ್ಮ ನನ್ನನ್ನು ನೋಡಲು ಬಂದ ದಿನ ಅದು ಭಯವಾಗಿ ಬದಲಾಯಿತು. ನಾನು ನಿದ್ದೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ಅತ್ತೆಯ ಹತ್ತಿರ ಹೇಳಿದರು: "ಒಳಗೊಳಗೇ ಕುದಿಯೋರಿಗೆ ಬರೋ ಕಾಯಿಲೆಯಂತೆ ಕಣ್ರೀ ಇದು. ವಿಮ್ಲಂಗೆ ಚಿಕ್ಕೋಳಿದ್ದಾಗಿಂದ್ಲೂ ಕುಸುಮನ್ನ ಕಂಡ್ರೆ ಆಗ್ತಿರ್ಲಿಲ್ಲ. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಂಗಾಯ್ತು."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನಾನು ಕಣ್ಣು ಬಿಡಲಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರೂ "ತುಂಬಾ ಟೆನ್ಷನ್ ಮಾಡ್ಕೋತೀರಾ?" ಅಂತ ಕೇಳಿದರು. ಅಲ್ಲಿಗೆ ತೀರ್ಪು ಬಂದ ಹಾಗಾಯಿತು. ಯಜಮಾನರು, ಅತ್ತೆ ಅದೇ ನೀರು ಕುಡಿದರೂ ಅವರ ಮೈಯೇ ಬೇರೆ, ರಕ್ತವೇ ಬೇರೆ. ಆದರೆ ಅಕ್ಕ? ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ಒಂದೇ ಅಡುಗೆ ಉಂಡು ಬೆಳೆದವರು, ಈಗ ಇಬ್ಬರ ಮನೆಯ ಬೇಳೆಯೂ ಒಂದೇ ನೀರಿನಲ್ಲಿ ಬೇಯುತ್ತಿತ್ತು. ಅವಳಿಗೆ ಬಾರದ್ದು ನನಗೆ ಯಾಕೆ ಬಂತು? ಇಬ್ಬರಲ್ಲಿ ವ್ಯತ್ಯಾಸ ಇದ್ದದ್ದು ಗುಣದಲ್ಲಿ ಮಾತ್ರ. ಅವಳದು ತಣ್ಣನೆಯ ಗುಣ, ನನ್ನದು ಉರಿಯುವ ಗುಣ. ಹಾಗಾದರೆ ನನ್ನ ಗುಣವೇ ನನ್ನ ಕರುಳನ್ನು ತಿನ್ನುತ್ತಿದೆ. ಗುಣಕ್ಕೆ ಯಾವ ಡಾಕ್ಟರು ಮಾತ್ರೆ ಕೊಡುತ್ತಾನೆ? ಅಕ್ಕನ ಮೇಲೆ ಅಸೂಯೆಪಡಬಾರದು ಅಂತ ಹಲ್ಲು ಕಚ್ಚಿ ಕೂರುತ್ತಿದ್ದೆ. ಅವಳು ಗೇಟು ತೆಗೆದು ನಗುತ್ತ ಒಳಗೆ ಬಂದ ಕೂಡಲೇ ಆಗಿಬಿಡುತ್ತಿತ್ತು. ಆದ ತಕ್ಷಣ, ಒಳಗೆ ಇನ್ನೊಂದು ಹುಣ್ಣು ಎದ್ದಿತು ಅಂತ ಹೆದರಿ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆಪರೇಷನ್ನಿಗಿಂತ ಇದು ದೊಡ್ಡ ಹೆದರಿಕೆ. ಯಾರ ಹತ್ತಿರ ಹೇಳಿಕೊಳ್ಳಲಿ?

ಆ ಹೊತ್ತಿಗೆ ನಮ್ಮ ಮಹಡಿ ಮನೆಗೆ ಧಾರವಾಡದ ಕಡೆಯ ದಂಪತಿ ಬಾಡಿಗೆಗೆ ಬಂದರು. ಬಂದ ವಾರದಲ್ಲೇ ಆ ಹುಡುಗಿ ಕೆಳಗಿಳಿದು ಬಂದಳು.

"ಆಂಟೀ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ನೀರು ಒಂಥರಾ ವಾಸನಿ ಬರ್ತದರೀ. ಚಾ ಮಾಡಿದ್ರೂ ಹೋಗವಲ್ದು."

ನನಗೆ ಎಲ್ಲಿಲ್ಲದ ಕೋಪ ಬಂತು. "ಇಡೀ ಬೀದಿ ಈ ನೀರಿಗೆ ಕ್ಯೂ ನಿಲ್ಲತ್ತಮ್ಮ. ಒಂದ್ಸಲ ಬೇಳೆ ಹಾಕಿ ನೋಡು, ಆಮೇಲೆ ಮಾತಾಡು" ಅಂದೆ. ಅವಳು ಬೇಳೆ ಹಾಕಿ ನೋಡಲಿಲ್ಲ. ಅವಳ ಗಂಡ ಒಂದು ಬಾಟಲಿ ತುಂಬಿಸಿ ಪರೀಕ್ಷೆಗೆ ಕೊಟ್ಟು ಬಂದ. ಗಡಸಿಲ್ಲ, ಬೇಳೆ ಬೇಯುವ ನೀರೇ. ಆದರೆ ಲೋಹ ಲೇಪಿಸುವ ಕಡೆಯಿಂದ ಬರುವಂಥ ವಿಷ ಸೇರಿದೆ, ಕುಡಿಯಲು, ಅಡುಗೆಗೆ ಬಳಸಬಾರದು ಅಂತ ಫಲಿತಾಂಶ ಬಂತು. ಬೀದಿಯವರೆಲ್ಲ ಏರಿನ ಮೇಲಿನ ಶೆಡ್ಡಿನ ಕಡೆ ತಿರುಗಿ ನೋಡಿದರು. ಅಷ್ಟು ವರ್ಷ ದಿನಾ ಅದರ ಮುಂದೆಯೇ ಓಡಾಡಿದ್ದೆವು.

ಡಾಕ್ಟರಿಗೆ ಹೇಳಿದೆ. 

"ನೀರಿಂದಲೇ ಬಂತು ಅಂತ ನಾನು ಹೇಳೋಕ್ಕಾಗಲ್ಲ. ಅಲ್ಲ ಅಂತಾನೂ ಹೇಳಲ್ಲ. ಮೊದಲು ಆ ನೀರು ನಿಲ್ಸಿ."

"ಕುದಿಸೇ ಕುಡೀತಿದ್ದೆ ಡಾಕ್ಟ್ರೇ, ಅರ್ಧಕ್ಕೆ ಇಳಿಸಿ."

"ಕುದಿಸಿದ್ರೆ ಕ್ರಿಮಿ ಸಾಯತ್ತಮ್ಮ. ಇದು ಕ್ರಿಮಿ ಅಲ್ವಲ್ಲ. ನೀರು ಆವಿಯಾಗಿ ಹೋಗತ್ತೆ, ಅದು ಪಾತ್ರೇಲೇ ಉಳ್ಕೊಳತ್ತೆ."

ಮನೆಗೆ ಬಂದು ಹೇಳಿದಾಗ ಅತ್ತೆ ಸ್ಟೂಲಿನ ಮೇಲೆ ಕುಸಿದರು. "ನಾನೇ ಗಟ್ಟಿ ಮಾಡಿ ಮಾಡಿ ಕುಡಿಸಿಬಿಟ್ಟೆನಲ್ಲೇ" ಅಂತ ಅತ್ತರು. ಊರೇ ಮಾಡುವ ಕೆಲಸವನ್ನು ಅವರು ಊರಿಗಿಂತ ಪ್ರೀತಿಯಿಂದ ಮಾಡಿದ್ದರು, ಅಷ್ಟೇ. ಆ ಒಂದು ದಿನ ಅವರ ಆರೋಗ್ಯದ ಮೇಲೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ.

ಅಕ್ಕನ ಕ್ಯಾನು ನೆನಪಾದದ್ದು ಆಗಲೇ. ಅವಳೂ ಇಷ್ಟು ವರ್ಷ ಅದನ್ನೇ ಕುಡಿದಿದ್ದಾಳೆ! ಸೀರೆ ಕೂಡ ಬದಲಿಸದೆ ಆಟೋ ಹತ್ತಿದೆ. ಜಯನಗರ ಮುಟ್ಟುವವರೆಗೆ ಅವಳಿಗೆ ಏನಾದರೂ ಆದರೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಬಾಗಿಲು ತೆಗೆದಳು, ಕೆನ್ನೆ ಕೆಂಪಗೆ, ಕೈ ತುಂಬ ಹಿಟ್ಟು, ಹೋಳಿಗೆ ತಟ್ಟುತ್ತಿದ್ದಳು. ನೋಡಿದ್ದೇ ತಡ, ಎದೆಬಡಿತವೆಲ್ಲ ಹೋಗಿ ಹಳೆಯದೇ ಉರಿ ಹತ್ತಿಕೊಂಡಿತು.

"ಅಕ್ಕಾ, ನಮ್ಮ ನೀರು ಕುಡೀಬೇಡ. ವಿಷ ಇದೆಯಂತೆ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆಗಲಿಲ್ಲ. "ನೀನೂ ಅದೇ ನೀರು ಕುಡಿದೆಯಲ್ಲೇ? ನಿನಗ್ಯಾಕೆ ಏನೂ ಆಗ್ಲಿಲ್ಲ? ನಾನೊಬ್ಳೇ ಏನ್ ಪಾಪ ಮಾಡಿದ್ದೆ?"

ಅಕ್ಕ ಹಿಟ್ಟಿನ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ನನ್ನನ್ನು ಒಳಗೆ ಎಳೆದು ಕೂರಿಸಿದಳು.

"ಬೈಯಲ್ಲ ಅಂತ ಹೇಳು ಮೊದ್ಲು."

"ಏನಾಯ್ತೇ?"

"ನಾನು ಆ ನೀರು ಕುಡೀಲೇ ಇಲ್ಲ ಕಣೇ. ನಿಮ್ಮ ಭಾವಂಗೆ ಮೊದಲ ದಿನವೇ ಹಿಡಿಸ್ಲಿಲ್ಲ. ಬಾಗಿಲಿಗೆ ನೀರು ಹಾಕೋಕೆ, ಬಾತ್‌ರೂಮ್ ತೊಳೆಯೋಕೆ ಇಟ್ಕೊಂಡಿದ್ದೆ."

"ಬೇಳೆಗೆ?"

"ಬೇಳೆಗೂ ಇಲ್ಲ. ಕಾವೇರಿ ನೀರಲ್ಲಿ ಬೇಳೆ ಬೇಯಲ್ವೇನೇ? ಅವತ್ತು ಊಟಕ್ಕೆ ಬಂದಾಗ ಸುಮ್ನೆ ಹೊಗಳಿದೆ. ನೀನು ಅಷ್ಟಕ್ಕೇ ಕ್ಯಾನ್ ತುಂಬಿಸ್ಬಿಟ್ಟೆ. ಬೇಡ ಅನ್ನೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಕ್ಯಾನ್ ಕೊಡೋವಾಗ ನಿನ್ನ ಮುಖ ನೋಡಿದ್ರೆ ಬಾಯೇ ಬರ್ತಿರ್ಲಿಲ್ಲ. ನೀನು ನಂಗೆ ಅಷ್ಟು ಖುಷಿಯಾಗಿ ಯಾವತ್ತಾದ್ರೂ ಏನಾದ್ರೂ ಕೊಟ್ಟಿದ್ಯಾ?"

ಮೈಯೆಲ್ಲ ಬೆಂಕಿಯಾಯಿತು. ನನ್ನ ಹೆಮ್ಮೆಯ ನೀರು, ನಮ್ಮ ಯಜಮಾನರು ಬಿಸಿಲಿನಲ್ಲಿ ಹೊತ್ತು ತಂದ ನೀರು, ಇವಳ ಬಾತ್‌ರೂಮಿಗೆ! ಅಷ್ಟು ವರ್ಷ ಅವಳಿಗೆ ನನ್ನ ಮನಸ್ಸಿನ ಕಹಿಯೂ ಗೊತ್ತಿತ್ತು. ಅದನ್ನು ಸಮಾಧಾನ ಮಾಡಲು ವಾರವಾರವೂ ಕ್ಯಾನು ಇಳಿಸಿಕೊಂಡಿದ್ದಳು. ಬಾಯಿಗೆ ಬಂದದ್ದನ್ನು ಅನ್ನಲು ತಲೆ ಎತ್ತಿದೆ. ಎತ್ತಿದವಳು ಅವಳ ಮುಖವನ್ನೇ ನೋಡಿದೆ.

ಅವಳು ಕುಡಿದಿರಲಿಲ್ಲ. ಒಂದೇ ರಕ್ತವಾಗಿದ್ದರೂ ಒಂದೇ ನೀರಾಗಿರಲಿಲ್ಲ. ನಮ್ಮಿಬ್ಬರ ನಡುವೆ ಗುಣವಲ್ಲದೆ ಇನ್ನೊಂದು ವ್ಯತ್ಯಾಸ ಇತ್ತು.

"ವಿಮ್ಲಿ, ಬೈದ್ಬಿಡೇ. ಹಿಂಗೆ ಸುಮ್ನೆ ನೋಡ್ಬೇಡ" ಅಂತ ಅಕ್ಕ ಅಳುವ ಹಾಗಾದಳು.

"ಇನ್ನೊಂದ್ಸಲ ಹೇಳು" ಅಂದೆ.

"ಏನು?"

"ಒಂದು ಲೋಟಾನೂ ಕುಡೀಲಿಲ್ಲ ಅಂತ ಹೇಳು. ನನ್ನ ತಲೆ ಮುಟ್ಟಿ ಹೇಳು."

ಹಿಟ್ಟಿನ ಕೈಯನ್ನೇ ನನ್ನ ತಲೆಯ ಮೇಲಿಟ್ಟು, "ನಿನ್ನಾಣೆ, ಒಂದು ಲೋಟಾನೂ ಕುಡೀಲಿಲ್ಲ" ಅಂದಳು. ನಾನು ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಯಾಕೆ ಅಳುತ್ತಿದ್ದೇನೆ ಅಂತ ಅವಳಿಗೆ ತಿಳಿಯಲಿಲ್ಲ. ಚಿಕ್ಕಮ್ಮನ ಮಾತನ್ನು ನಾನು ಅವಳಿಗೆ ಹೇಳಿದ್ದು ಬಹಳ ದಿನಗಳ ಮೇಲೆ.

ಆಪರೇಷನ್ ಆಗಲಿಲ್ಲ. ಅಕ್ಕ ಕ್ಯಾನಿನ ದಾರಿ ತಿರುಗಿಸಿದಳು. ನಮ್ಮ ಬೀದಿಗೆ ಕಾವೇರಿ ಬರುವವರೆಗೂ ಅವಳ ನಲ್ಲಿಯ ನೀರು ನಮ್ಮ ಮನೆಗೆ ಬಂತು. ತಿಂಗಳುಗಳು ಹಿಡಿದರೂ ಹುಣ್ಣು ಮಾತ್ರೆಗೆ ಬಗ್ಗಿತು. ನೀರು ಬಿಟ್ಟದ್ದಕ್ಕೋ, ಮಾತ್ರೆಗೋ, ಹೇಳಲಾರೆ. ಕಾಯಿಲೆ ಪೂರ್ತಿ ಹೋಗಿಲ್ಲ, ಬೇಡದ ನೆಂಟರ ಹಾಗೆ ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತದೆ. ಶೆಡ್ಡು ಮುಚ್ಚಿ ಅಲ್ಲೀಗ ಅಪಾರ್ಟ್‌ಮೆಂಟು ಎದ್ದಿದೆ. ಈಚೆಗೆ ಪೇಪರಿನಲ್ಲಿ ಫಾರೆವರ್ ಕೆಮಿಕಲ್ ಅನ್ನುವ ಹೆಸರು ಓದುತ್ತಿರುತ್ತೇನೆ. ಮಣ್ಣಿನಲ್ಲಿ ಕೊಳೆಯುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ, ಮೈಗೆ ಸೇರಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ದೋಸೆ ಅಂಟದ ಕಾವಲಿಯಲ್ಲೂ ಇರುತ್ತದಂತೆ, ಲೋಹಕ್ಕೆ ಹೊಳಪು ಕೊಡುವ ತೊಟ್ಟಿಯಲ್ಲೂ ಇರುತ್ತದಂತೆ. ನಮ್ಮ ಬೋರ್‌ವೆಲ್ಲಿನಲ್ಲಿ ಅದೂ ಇತ್ತೇ? ಆಗ ಅದರ ಹೆಸರೇ ನಮಗೆ ಗೊತ್ತಿರಲಿಲ್ಲ, ಹುಡುಕುವವರು ಯಾರು? ಎಷ್ಟು ವರ್ಷವಾದರೂ ಏನೂ ಆಗದೆ ಗಟ್ಟಿಯಾಗಿರುವ ಅದರ ಹಣೆಬರಹ ಓದುವಾಗ ನನಗೆ ಅದರ ಮೇಲೂ ಒಂದು ಚೂರು ಅಸೂಯೆಯಾಗುತ್ತದೆ.

ವರ್ಷಕ್ಕೊಮ್ಮೆ ಈಗಲೂ ಅದೇ ಕ್ಲಿನಿಕ್ಕಿಗೆ ಹೋಗುತ್ತೇನೆ. ಅಕ್ಕ ಜೊತೆಗೆ ಬರುತ್ತಾಳೆ. ಹೋದ ಸಲ ನಾನೇ ಒತ್ತಾಯ ಮಾಡಿ ಅವಳಿಗೆ ಮಸಾಲೆ ವಡೆ ಕೊಡಿಸಿದೆ. ಬೆಂಚಿನ ಮೇಲೆ ಕೂತು ಅವಳು ಒಂದು ಅಂಚು ಮುರಿದು, ಅದರಲ್ಲಿದ್ದ ಮೆಣಸಿನಕಾಯಿ ಚೂರನ್ನು ಹುಡುಕಿ ತೆಗೆದು, ಉಳಿದದ್ದನ್ನು ನನ್ನ ಕೈಗಿಟ್ಟಳು. ಮೆಣಸಿನಕಾಯಿಯನ್ನು ತಾನೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

ನನಗೆ ಹೊಟ್ಟೆಕಿಚ್ಚಾಯಿತು. ಸಖತ್ತಾಗಿಯೇ ಆಯಿತು. ಹೊಟ್ಟೆ ಮುಟ್ಟಿ ನೋಡಿಕೊಳ್ಳಲಿಲ್ಲ.